ಗೋಡೆಗೆ ಬಂದ ಕುಷ್ಠ

ಬೆಳಕು ಹರಿಯುವ ಮೊದಲು ಸೆವ್ರಿನ್ ಮಾಡುತ್ತಿದ್ದ ಕೆಲಸಗಳನ್ನು ಮೊದಲು ಹೇಳಿಬಿಡಬೇಕು, ಏಕೆಂದರೆ ಅವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಏಳು ವರ್ಷದ ಮಗಳು ವೆನಿಶಾಳ ಬೆನ್ನಿಗೆ ಕಿವಿಯಿಟ್ಟು ಉಸಿರು ಕೇಳುವುದು. ಸಿಳ್ಳೆ ಇಲ್ಲದಿದ್ದರೆ ಕೆಟಲ್ ಹಾಕುವುದು, ಇದ್ದರೆ ಮೊದಲು ಉಬ್ಬಸದ ಪಂಪು. ಮಗಳನ್ನು ಹೊದಿಕೆ ಸಮೇತ ಎತ್ತಿ ಹೊರಗಿನ ಸೋಫಾದ ಮೇಲೆ ಮಲಗಿಸುವುದು, ಬ್ಲೀಚಿನ ವಾಸನೆ ಅವಳಿಗೆ ಆಗದು. ಕಿಟಕಿಯ ಗಾಜಿನ ಮೇಲೆ ಇಳಿದ ನೀರನ್ನು ಗಂಡನ ಹಳೆಯ ಬನಿಯನ್ನಿನಿಂದ ಒರೆಸಿ ಬಕೆಟಿಗೆ ಹಿಂಡುವುದು. ಮಗಳ ಮಂಚವನ್ನೂ ಬಟ್ಟೆಯ ಕಪಾಟನ್ನೂ ಗೋಡೆಯಿಂದ ಈಚೆ ಎಳೆದು, ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ತಿಕ್ಕುವುದು. ಮೇಲಿನಿಂದ ಶುರುಮಾಡಿದರೆ ಕರಿನೀರು ಇಳಿದು ಗೆರೆ ಬೀಳುತ್ತದೆ. ಕಪಾಟಿನೊಳಗಿನ ಬೂಟುಗಳಿಗೆ ಹಿಡಿದ ಬಿಳಿ ಬೂಷ್ಟನ್ನು ಒರೆಸುವುದು. ಮತ್ತೆ ಎಲ್ಲವನ್ನೂ ಗೋಡೆಗೆ ತಳ್ಳುವುದು. ಗಂಡನಿಗೆ ಗಂಜಿ ಬೇಯಿಸಿ ಮುಚ್ಚಿಡುವುದು, ಪಕ್ಕದಲ್ಲಿ ಉಪ್ಪಿನಕಾಯಿ. ಮಗಳ ಊಟದ ಡಬ್ಬಿ. ಒಣಗದ ಯೂನಿಫಾರ್ಮನ್ನು ಇಸ್ತ್ರಿಯಲ್ಲೇ ಒಣಗಿಸುವುದು. ಆಲ್ತಾರಿನ ಮೇಲಿನ ಯೇಸುವಿನ ಪಟಕ್ಕೆ ಕೈಮುಗಿಯುವುದು, ಅದೂ ಕೆಲಸವೇ, ಏಕೆಂದರೆ ಪಟದ ಗಾಜಿನೊಳಗೂ ತೇವ ಸೇರುತ್ತಿತ್ತು, ಅದನ್ನೂ ಒರೆಸಬೇಕಿತ್ತು.

ಅವಳು ಕೋಟು ಹಾಕುವ ಹೊತ್ತಿಗೆ ಗಂಡ ವಲೇರಿಯನ್ ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ. ಇಬ್ಬರೂ ಲಂಡನ್ನಿನ ಪಾರ್ಕ್ ರಾಯಲ್‌ನಲ್ಲೇ ದುಡಿಯುತ್ತಿದ್ದರು. ಅವನು ಬಿಸ್ಕತ್ತಿನ ಕಾರ್ಖಾನೆ, ಅವಳು ಸ್ಯಾಂಡ್‌ವಿಚ್ ಕಾರ್ಖಾನೆ. ಮಗಳನ್ನು ಶಾಲೆಗೆ ಬಿಟ್ಟುಬಂದು ಅವನು ಮಲಗುತ್ತಿದ್ದ. ಗಂಡಸಾಗಿ ಮಗುವನ್ನು ಶಾಲೆಗೆ ಬಿಡುತ್ತಾನೆ, ಸೆವ್ರಿನ್ ಪುಣ್ಯವಂತೆ ಎಂದು ಪ್ರಾರ್ಥನಾ ಗುಂಪಿನ ಹೆಂಗಸರು ಹೇಳುತ್ತಿದ್ದರು. ಗೋಡೆಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ದಿನಾ ಒರೆಸುವ ಗೋಡೆ ದಿನಾ ಬೆಳ್ಳಗೇ ಕಾಣುತ್ತದೆ.

ಅವಳಿಗೆ ಜ್ವರ ಬಂದು ಒಂದು ವಾರ ಮಲಗಿದ್ದಾಗ ಮಾತ್ರ ಗೋಡೆ ತನ್ನ ನಿಜರೂಪ ತೋರಿಸಿತ್ತು. ಮಂಚದ ತಲೆಭಾಗದಿಂದ ಕಪಾಟಿನ ಹಿಂದಿನವರೆಗೆ ಕಪ್ಪು ಚುಕ್ಕೆ, ಮೂಲೆಯಲ್ಲಿ ಹಸಿರು, ಕಿಟಕಿಯ ಕೆಳಗೆ ತುಕ್ಕಿನಂತೆ ಕೆಂಪು. ಗೋಡೆಯ ಹೊರಗೆ ಮಳೆನೀರಿನ ಪೈಪು ಒಡೆದಿತ್ತು. ಮಳೆ ಬಂದಾಗಲೆಲ್ಲ ನೀರು ಇಟ್ಟಿಗೆಯೊಳಕ್ಕೇ ಇಳಿಯುತ್ತಿತ್ತು. ಲಂಡನ್ನಿನಲ್ಲಿ ಮಳೆ ಬರದ ವಾರ ಯಾವುದು?

ಆ ಪೈಪು, ಆ ಗೋಡೆ, ಆ ಸೋಫಾ ಎಲ್ಲ ಬ್ರದರ್ ಪೈಯಸ್‌ನವು. ಬ್ರದರ್ ಎಂದರೆ ಪಾದ್ರಿಯಲ್ಲ. ಊರು ಕಿನ್ನಿಗೋಳಿಯ ಕಡೆ, ಕೆಲಸ ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ, ಶುಕ್ರವಾರ ಸಂಜೆ ದಕ್ಷಿಣ ಕನ್ನಡದ ಕ್ಯಾಥೊಲಿಕ್ ಕುಟುಂಬಗಳ ಪ್ರಾರ್ಥನಾ ಗುಂಪಿಗೆ ನಾಯಕ. ಹಿಂದೆಮುಂದೆ ಗೊತ್ತಿಲ್ಲದವರಿಗೆ ಲಂಡನ್ನಿನಲ್ಲಿ ಯಾರೂ ಮನೆ ಕೊಡದಿದ್ದ ಕಾಲದಲ್ಲಿ ಅವನು ವಲೇರಿಯನ್‌ಗೆ ಈ ಫ್ಲ್ಯಾಟ್ ಕೊಟ್ಟಿದ್ದ. ಒಂದು ಮಲಗುವ ಕೋಣೆ, ಅಡುಗೆಗೆ ಒಂದು ಮೂಲೆ, ಸೋಫಾ ಹಿಡಿಸುವಷ್ಟು ಜಾಗ. ಗುಂಪು ಸೇರುತ್ತಿದ್ದುದು ಅವನ ಬಾಡಿಗೆದಾರರ ಮನೆಗಳಲ್ಲಿ, ಸರದಿಯಂತೆ. ಹೀಗಾಗಿ ಶುಕ್ರವಾರಗಳು ಅವನಿಗೆ ಎರಡು ಬಗೆಯಲ್ಲಿ ಒದಗುತ್ತಿದ್ದವು. ದೇವರ ವಾಕ್ಯ ಹೇಳಬಹುದು, ತನ್ನ ಸೋಫಾಗಳು ಸವೆದಿವೆಯೇ ಎಂದು ನೋಡಿಕೊಳ್ಳಲೂಬಹುದು. ಸನ್ನಾ ಹಬೆಯಲ್ಲಿಡುವವರು, ಹಂದಿಮಾಂಸದ ಬಾಫತ್ ಕುದಿಸುವವರು, ಕೊನೆಗೆ ತಟ್ಟೆ ತೊಳೆಯುವವರು ಯಾವ ಮನೆಯಲ್ಲಾದರೂ ಹೆಂಗಸರೇ.

ಪೈಪಿನ ವಿಷಯವನ್ನು ಸೆವ್ರಿನ್ ಅವನಿಗೆ ಮೂರು ಸಲ ಹೇಳಿದ್ದಳು. ಮೊದಲ ಸಲ, ನೋಡುವ ಎಂದ. ಎರಡನೆಯ ಸಲ, ಒಳಗೆ ಬಟ್ಟೆ ಒಣಗಿಸಬೇಡಿ ಎಂದ. ಮೂರನೆಯ ಸಲ ಅವಳಿಗೆ ಉತ್ತರ ಕೊಡದೆ ವಲೇರಿಯನ್ ಕಡೆ ತಿರುಗಿ, "ನಿನ್ನ ಹೆಂಡತಿಗೆ ಈ ಮನೆ ಸಾಕಾಗುವುದಿಲ್ಲ ಅಂತ ಕಾಣ್ತದೆ" ಎಂದ. ಆ ರಾತ್ರಿ ವಲೇರಿಯನ್ ಊಟ ಮಾಡದೆ ಪಾಳಿಗೆ ಹೋದ. ಹಸಿದವನು ಅವನು, ಅದಕ್ಕೆ ಕಾರಣಳು ಅವಳು.

೧೯೯೯ರ ಅಕ್ಟೋಬರಿನಲ್ಲಿ ವೆನಿಶಾಳ ಸಿಳ್ಳೆ ಜೋರಾಯಿತು. ಆ ಕೇರಿಯ ಡಾಕ್ಟರು ಶ್ರೀಲತಾ ಎಂಬವರು, ಧಾರವಾಡದ ಕಡೆಯವರು. ಸೆವ್ರಿನ್‌ಳ ಬಾಯಿಂದ ಕನ್ನಡ ಕೇಳಿದ ದಿನದಿಂದ ಅವರು ಇಂಗ್ಲಿಷ್ ಬಿಟ್ಟಿದ್ದರು.

"ಮನ್ಯಾಗ ಗ್ವಾಡಿ ಹಸಿ ಅದೇನವಾ? ಬೂಷ್ಟು ಹಿಡೀತದೇನು?"

"ಹಿಡೀತದೆ ಡಾಕ್ಟ್ರೇ. ನಾನು ದಿನಾ ಒರೆಸ್ತೇನೆ."

"ಒರಿಸಿದ್ರ ಹೋಗೂದಲ್ಲ ಅದು. ಮಾಲಕರಿಗೆ ಹೇಳ್ರಿ."

"ಹೇಳಿ ಆಯ್ತು."

"ಹಂಗಾದ್ರ ಕೌನ್ಸಿಲ್‌ಗೆ ಫೋನ್ ಹಚ್ರಿ. ನನ್ನ ಪಂಪು ಹುಡಿಗಿ ಉಸಿರು ಬಿಡಿಸ್ತದ, ನಿಮ್ಮ ಗ್ವಾಡಿ ಒಣಗಸೂದಿಲ್ಲ." ಅವರು ಎರಡು ನೀಲಿ ಪಂಪು ಬರೆದುಕೊಟ್ಟರು, ಮನೆಗೊಂದು ಶಾಲೆಗೊಂದು. "ಇದನ್ನ ಮಾತ್ರ ಯಾರ್ ಹೇಳಿದ್ರೂ ಬಿಡಬ್ಯಾಡ್ರಿ."

ಗಂಡನಿಗೆ ಹೇಳದೆ ಸೆವ್ರಿನ್ ಕಾರ್ಖಾನೆಯ ಕ್ಯಾಂಟೀನಿನ ಫೋನಿನಿಂದ ಆ ಊರಿನ ಪುರಸಭೆಯಾದ ಕೌನ್ಸಿಲ್‌ಗೆ ಕರೆ ಮಾಡಿದಳು. ಮನೆ ನೋಡಲು ಒಬ್ಬ ಬರುತ್ತಾನೆ, ಬುಧವಾರ ಮಧ್ಯಾಹ್ನ ಎಂದರು.

ಆ ಬುಧವಾರ ಅವಳು ಮಾಡಿದ ತಪ್ಪನ್ನು ಅವಳ ಊರಿನ ಯಾವ ಹೆಂಗಸಾದರೂ ಮಾಡುತ್ತಿದ್ದಳು. ಶಿರ್ವದ ಅವಳ ತವರಿಗೆ ವರ್ಷಕ್ಕೊಮ್ಮೆ ಪಾದ್ರಿಗಳು ಮನೆ ಆಶೀರ್ವಾದಕ್ಕೆ ಬರುತ್ತಿದ್ದರು. ಹಿಂದಿನ ದಿನ ಅಮ್ಮ ಗೋಡೆಗೆ ಸುಣ್ಣ ಬಳಿದು, ನೆಲ ಸಾರಿಸಿ, ಬೆಕ್ಕು ಮಲಗುವ ಗೋಣಿಯನ್ನೂ ಒಗೆದು ಹಾಕುತ್ತಿದ್ದಳು. ಬರುವವರಿಗೆ ಬಡತನ ತೋರಿಸಬಹುದು, ಕೊಳೆ ತೋರಿಸಬಾರದು ಎನ್ನುತ್ತಿದ್ದಳು. ಸೆವ್ರಿನ್‌ಳ ಕೈ ಅಮ್ಮನ ಕೈ. ಸರ್ಕಾರದ ಕಡೆಯವನು ಬರುತ್ತಾನೆಂದು ಅವಳು ಅಂದು ಇನ್ನೂ ಬೇಗ ಎದ್ದಳು. ಗೋಡೆಯನ್ನು ಎರಡೆರಡು ಸಲ ತಿಕ್ಕಿದಳು. ತಿಕ್ಕಿದರೂ ಉಳಿದ ಕಲೆಗಳ ಮೇಲೆ ಹಳೆಯ ಡಬ್ಬಿಯ ತಳದಲ್ಲಿದ್ದ ಬಿಳಿ ಬಣ್ಣ ಸವರಿದಳು.

ಅರ್ಧ ದಿನ ರಜೆ ಹಾಕಿ ಅವಳು ಮನೆಗೆ ಬಂದಿದ್ದಳು, ವಲೇರಿಯನ್ ಮಗಳನ್ನು ಕರೆತರಲು ಶಾಲೆಗೆ ಹೋಗಿದ್ದ. ಕೌನ್ಸಿಲ್ಲಿನ ಯುವಕ ಬಂದ, ಕೋಣೆಯ ನಡುವೆ ನಿಂತು ಸುತ್ತ ನೋಡಿದ. ಬೂಷ್ಟು ಎಲ್ಲಿ ಎಂದು ಕೇಳಿದ. ಅವಳು ಗೋಡೆ ತೋರಿಸಿದಳು. ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಬಣ್ಣ ಇನ್ನೂ ಹಸಿ ಇದ್ದುದರಿಂದ ತೇವವನ್ನು ಅಳೆಯಲೂ ಆಗಲಿಲ್ಲ. ಕಿಟಕಿ ತೆರೆದಿಡಿ, ಬಟ್ಟೆ ಒಳಗೆ ಒಣಗಿಸಬೇಡಿ ಎಂದು ಹೇಳಿ, ಹೊರಡುವಾಗ, "ಮನೆಯನ್ನು ತುಂಬ ಚೆನ್ನಾಗಿ ಇಟ್ಟುಕೊಂಡಿದ್ದೀರಿ" ಎಂದ. ಆ ಮಾತಿಗೆ ಅವಳಿಗೆ ಸಂತೋಷವಾಯಿತು. ಆ ಒಂದು ಕ್ಷಣದ ಸಂತೋಷ ಆಮೇಲೆ ಎಷ್ಟೋ ದಿನ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಕೌನ್ಸಿಲ್‌ನವರು ಬಂದುಹೋದದ್ದು ಮಾಲೀಕನಿಗೆ ತಿಳಿಯದೆ ಇರುತ್ತದೆಯೇ? ಮುಂದಿನ ಶುಕ್ರವಾರದ ಪ್ರಾರ್ಥನೆ ಬೇರೆ ಯಾರದೋ ಮನೆಯಲ್ಲಿ ಇರಬೇಕಿತ್ತು. ಪೈಯಸ್ ಅದನ್ನು ಸೆವ್ರಿನ್‌ಳ ಮನೆಗೆ ಬದಲಾಯಿಸಿದ.

ಸೋಫಾದ ಮೇಲೆ ಗಂಡಸರು, ನೆಲದ ಮೇಲೆ ಹೆಂಗಸರು ಮಕ್ಕಳು. ಜಪಸರದ ಪ್ರಾರ್ಥನೆ ತೇರ್ಸ್ ಮುಗಿದ ಮೇಲೆ ಪೈಯಸ್ ಹಳೆಯ ಒಡಂಬಡಿಕೆ ತೆರೆದ. ಮೋಶೆಯ ನಿಯಮದಲ್ಲಿ ಶುದ್ಧ ಅಶುದ್ಧಗಳ ಭಾಗ. ಚರ್ಮಕ್ಕೆ ಬಂದ ಕುಷ್ಠವನ್ನು ಯಾಜಕನು ಹೇಗೆ ಪರೀಕ್ಷಿಸಬೇಕು, ಬಟ್ಟೆಗೆ ಬಂದರೆ ಏನು, ಮನೆಯ ಗೋಡೆಗೆ ಬಂದರೆ ಏನು. ಗೋಡೆಯಲ್ಲಿ ಹಸಿರು ಇಲ್ಲವೆ ಕೆಂಪು ಗುಳಿಗಳು ಕಂಡರೆ ಎಂಬಲ್ಲಿಗೆ ಬಂದು ಪುಸ್ತಕ ಮುಚ್ಚಿದ.

"ಯೆಹೂದ್ಯರಿಗೆ ದೇವರು ಇದನ್ನು ಸುಮ್ಮನೆ ಹೇಳಿದ್ದಲ್ಲ" ಎಂದ. "ಗೋಡೆಗೆ ಕುಷ್ಠ ಯಾಕೆ ಬರ್ತದೆ? ಗೋಡೆ ಪಾಪ ಮಾಡ್ತದಾ? ಗೋಡೆಯ ಒಳಗೆ ಇರುವವರು ಮಾಡ್ತಾರೆ. ಮೋಶೆಯ ಬೆನ್ನ ಹಿಂದೆ ಮಾತಾಡಿದ ಅವನ ಅಕ್ಕ ಮಿರಿಯಾಮಳಿಗೆ ಏನಾಯ್ತು? ಮೈಯೆಲ್ಲ ಹಿಮದ ಹಾಗೆ ಬೆಳ್ಳಗಾಯ್ತು. ಅನ್ನ ಕೊಟ್ಟ ಕೈಯನ್ನು ಕಚ್ಚಿದ ಮನೆಗೆ ಕುಷ್ಠ ಬರದೆ ಮತ್ತೆ ಆಶೀರ್ವಾದ ಬರ್ತದಾ?"

ಅವನು ಯಾರ ಹೆಸರನ್ನೂ ಹೇಳಲಿಲ್ಲ. ಎಲ್ಲರೂ ಸೆವ್ರಿನ್‌ಳನ್ನು ನೋಡಿದರು, ಆಮೇಲೆ ಮಲಗುವ ಕೋಣೆಯ ಬಾಗಿಲನ್ನು ನೋಡಿದರು. ವಲೇರಿಯನ್ ತನ್ನ ಮೊಣಕಾಲು ನೋಡುತ್ತಿದ್ದ.

"ಆದರೆ ನಾವು ನಿಯಮದ ಕೆಳಗೆ ಇಲ್ಲ, ಕೃಪೆಯ ಕೆಳಗೆ ಇದ್ದೇವೆ" ಎಂದು ಪೈಯಸ್ ಸ್ವರ ಮೆತ್ತಗೆ ಮಾಡಿದ. "ಯಾರೂ ಮುಟ್ಟದ ಕುಷ್ಠರೋಗಿಯನ್ನು ಯೇಸು ಸ್ವಾಮಿ ಮುಟ್ಟಿದ. ಮುಲಾಮು ಹಚ್ಚಿದನಾ? ಇಲ್ಲ. ಮುಟ್ಟಿದ, ಮುಗಿಯಿತು. ವೆನಿಶಾ, ಬಾ ಮಗಾ."

ಹತ್ತಾರು ಕೈಗಳು ಮಗುವಿನ ತಲೆ, ಹೆಗಲು, ಬೆನ್ನಿನ ಮೇಲೆ ಬಿದ್ದವು. ಸ್ವರಗಳು ಏರಿದವು. ಕೈಗಳ ಭಾರಕ್ಕೋ ಮೇಣದಬತ್ತಿಯ ಹೊಗೆಗೋ ವೆನಿಶಾ ಕೆಮ್ಮಿದಳು. ಅದು ಹೊರಗೆ ಹೋಗುವ ಸದ್ದು ಎಂದ ಪೈಯಸ್. ಮಗು ಗುಣವಾಯಿತು, ವಿಶ್ವಾಸದಿಂದ ಸ್ವೀಕರಿಸಿ ಎಂದ. ಆಮೇಲೆ ಕೈ ಚಾಚಿ, "ಆ ಪಂಪು ಕೊಡಿ. ಗುಣವಾದ ಮೇಲೆ ಅದನ್ನು ಇಟ್ಟುಕೊಳ್ಳುವುದು ಸ್ವಾಮಿಯನ್ನು ಸುಳ್ಳುಗಾರ ಅಂದ ಹಾಗೆ" ಎಂದ.

ಆಲ್ತಾರಿನ ಪಕ್ಕದ ಹಲಗೆಯ ಮೇಲಿದ್ದ ನೀಲಿ ಪಂಪನ್ನು ತೆಗೆದುಕೊಟ್ಟವನು ವಲೇರಿಯನ್.

"ಡ್ಯಾಡಿ, ದಟ್ಸ್ ಮೈನ್" ಎಂದಳು ವೆನಿಶಾ. ಯಾರೋ ನಕ್ಕರು. ಪೈಯಸ್ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಪ್ರಾರ್ಥನೆಯ ನಂತರ ಅಡುಗೆಯ ಮೂಲೆಯಲ್ಲಿ ಸೆವ್ರಿನ್ ತಟ್ಟೆ ತೊಳೆಯುತ್ತಿದ್ದಳು. ಪೈಯಸ್‌ನ ಹೆಂಡತಿ ಮಾರ್ಗರೆಟ್ ಒಣಬಟ್ಟೆ ಹಿಡಿದು ಪಕ್ಕಕ್ಕೆ ಬಂದು ನಿಂತಳು. ತಟ್ಟೆ ಒರೆಸಲಿಲ್ಲ.

"ಅಲ್ಲ ಸೆವ್ರಿನ್, ನಮ್ಮ ಮನೆಗೆ ಯಾಕೆ ಬೂಷ್ಟು ಬರುವುದಿಲ್ಲ ಹೇಳು."

"ನಿಮ್ಮ ಪೈಪು ಒಡೆಯಲಿಲ್ಲ ಮಾರ್ಗರೆಟ್ ಬಾಯಿ, ಅದಕ್ಕೆ."

"ನಾಲಿಗೆ ನೋಡು ಇದರದ್ದು. ನೀನು ಸರಿಯಾಗಿ ಒರೆಸುವುದಿಲ್ಲ ಮಾರಾಯ್ತಿ. ನಾನು ನಿನ್ನ ಪ್ರಾಯದಲ್ಲಿ ಗೋಡೆಗೆ ವಿನಿಗರ್ ಹಾಕಿ ತಿಕ್ತಿದ್ದೆ."

"ಪೈಪಿಗೂ ವಿನಿಗರ್ ಹಾಕುವುದಾ?"

ಮಾರ್ಗರೆಟ್ ಬಟ್ಟೆಯನ್ನು ಅವಳ ಹೆಗಲ ಮೇಲೆ ಎಸೆದಳು. "ಮತ್ತೆ, ಮಗುವನ್ನು ಬೆಳಿಗ್ಗೆ ಸೋಫಾದಲ್ಲಿ ಮಲಗಿಸ್ತಿ ಅಂತ ನಿನ್ನ ಗಂಡ ವಾಲಿ ಹೇಳ್ತಿದ್ದ. ಸೋಫಾ ಕೂತುಕೊಳ್ಳಲಿಕ್ಕೆ ಕೊಟ್ಟದ್ದು, ಮಲಗಲಿಕ್ಕಲ್ಲ. ಸ್ಪ್ರಿಂಗು ಹೋಗ್ತದೆ."

ಶನಿವಾರ ಸಂಜೆ ವೆನಿಶಾಳ ಪಕ್ಕೆಗಳು ಒಳಕ್ಕೆ ಎಳೆಯತೊಡಗಿದವು. ವಲೇರಿಯನ್ ಮೊಣಕಾಲೂರಿ ಜಪಸರ ಹಿಡಿದ. ಸೆವ್ರಿನ್ ಅಕ್ಕಿಯ ಡಬ್ಬಿಗೆ ಕೈಹಾಕಿ ಎರಡನೆಯ ಪಂಪನ್ನು ತೆಗೆದಳು. ಶಾಲೆಯದು, ವಾರದ ಕೊನೆಗೆ ಮನೆಗೆ ಬರುತ್ತಿತ್ತು. ಹಿಂದಿನ ಸಂಜೆ ಅತಿಥಿಗಳು ಬರುವ ಮೊದಲೇ ಅದನ್ನು ಅಕ್ಕಿಯೊಳಗೆ ಹೂತಿಟ್ಟಿದ್ದಳು. ಯಾಕೆಂದು ಆಗ ಅವಳಿಗೇ ಗೊತ್ತಿರಲಿಲ್ಲ. ಮಗಳ ಬಾಯಿಗೆ ಹಿಡಿದಳು. ಸ್ವಲ್ಪ ಹೊತ್ತಿನಲ್ಲಿ ಪಕ್ಕೆಗಳು ಸಡಿಲವಾದವು.

"ಅಂದ್ರೆ ನಿನಗೆ ವಿಶ್ವಾಸವೇ ಇಲ್ಲ" ಎಂದ ವಲೇರಿಯನ್. "ನಾನು ಕೊಟ್ಟೆ, ನೀನು ಅಡಗಿಸಿಟ್ಟೆ. ಗುಣ ಆಗುವುದು ಹೇಗೆ?"

"ನೀವು ಕೊಟ್ಟದ್ದು ನಿಮ್ಮ ಉಸಿರನ್ನಲ್ಲ."

"ಬ್ರದರ್ ಇಲ್ಲದಿದ್ರೆ ನಾವು ಎಲ್ಲಿ ಇರ್ತಿದ್ದೆವು ಗೊತ್ತುಂಟಾ? ಕುವೈತಿನಿಂದ ಬರುವಾಗ ನನ್ನ ಕೈಯಲ್ಲಿ ಎಂತ ಇತ್ತು?"

"ಒಂದು ಪೈಪು ಸರಿಮಾಡಿಸ್ಲಿಕ್ಕೆ ಹೇಳಿದ್ದು ನಾನು. ಮನೆ ಬಿಡ್ತೇವೆ ಅಂದದ್ದಲ್ಲ."

"ಬಿಡಿಸ್ತಾರೆ. ಇನ್ನೊಂದು ಸಲ ಕೌನ್ಸಿಲ್ ಅಂತ ಬಾಯಿ ತೆಗೆದ್ರೆ ಬಿಡಿಸ್ತಾರೆ. ಆಗ ನಿನ್ನ ಮಗಳನ್ನು ಬಸ್‌ಸ್ಟಾಪಿನಲ್ಲಿ ಮಲಗಿಸು, ಅಲ್ಲಿ ಗೋಡೆಯೇ ಇಲ್ಲ."

ತಂದೆ ತಾಯಿ ಇಬ್ಬರನ್ನೂ ನೋಡುತ್ತಿದ್ದ ವೆನಿಶಾ ಪಂಪನ್ನು ತಾನೇ ಎತ್ತಿಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡಳು.

ಭಾನುವಾರ ಪೂಜೆಯ ನಂತರ ಚರ್ಚಿನ ಮೆಟ್ಟಿಲ ಮೇಲೆ ಪೈಯಸ್ ಎಲ್ಲರೆದುರು ಘೋಷಿಸಿದ. ಬರುವ ತಿಂಗಳ ಮೊದಲ ಶುಕ್ರವಾರ ಊರಿನಿಂದ ಒಬ್ಬರು ಪ್ರವಚನಕಾರರು ಬರುತ್ತಾರೆ. ಪ್ರಾರ್ಥನೆ ಸೆವ್ರಿನ್‌ಳ ಮನೆಯಲ್ಲೇ. ಅವರು ಮಲಗುವ ಕೋಣೆಯನ್ನು ಆಶೀರ್ವದಿಸುತ್ತಾರೆ, ಸೆವ್ರಿನ್ ಎದ್ದುನಿಂತು ಮಗಳು ಗುಣವಾದದ್ದಕ್ಕೆ ಸಾಕ್ಷಿ ಹೇಳುತ್ತಾಳೆ. ಅವಳ ಕಡೆ ತಿರುಗಿ, "ಗೋಡೆಗೆ ಬಣ್ಣ ಕಳಿಸ್ತೇನೆ. ನೀವೇ ಬಳಿಯಿರಿ, ನಿಮ್ಮ ಕೈ ಒಳ್ಳೆಯದುಂಟು" ಎಂದ.

"ಪೈಪು, ಬ್ರದರ್?"

"ಮೊದಲು ಸಾಕ್ಷಿ. ಆಮೇಲೆ ಪೈಪು ನೋಡುವ."

ಬಣ್ಣದ ಡಬ್ಬ ಮಾರ್ಗರೆಟ್‌ಳ ಕಾರಿನಲ್ಲಿ ಬಂದು ಬಾಗಿಲ ಬಳಿ ಕುಳಿತಿತು. ಸೆವ್ರಿನ್ ಕ್ಯಾಂಟೀನಿನಿಂದ ಮತ್ತೆ ಕೌನ್ಸಿಲ್‌ಗೆ ಫೋನ್ ಮಾಡಿದಳು. ಒಮ್ಮೆ ನೋಡಿದ್ದೇವಲ್ಲ, ಏನೂ ಇರಲಿಲ್ಲವಲ್ಲ ಎಂದಿತು ಆ ಕಡೆಯ ಸ್ವರ. ನಾನು ಒರೆಸಿದ್ದೆ, ಅದಕ್ಕೇ ಎಂದಳು. ಒರೆಸಿದರೆ ಹೋಗುತ್ತದೆಯಾದರೆ ಒರೆಸುತ್ತಾ ಇರಿ ಎಂಬ ಅರ್ಥ ಬರುವಂತೆ ಆ ಸ್ವರ ಇನ್ನೇನೋ ಹೇಳಿತು. ಅವಳು ಫೋನ್ ಇಡಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರೂ ಇಡಲಿಲ್ಲ. ಕೊನೆಗೆ ಒಂದು ದಿನ ಸಿಕ್ಕಿತು. ಅದೇ ಮೊದಲ ಶುಕ್ರವಾರ, ಮಧ್ಯಾಹ್ನ ಮೂರಕ್ಕೆ. ಅದನ್ನು ಬಿಟ್ಟರೆ ಹೊಸ ವರ್ಷದ ನಂತರವೇ. ಸಂಜೆ ಆರಕ್ಕೆ ಪ್ರಾರ್ಥನೆಯವರು. ಆಗಲಿ ಎಂದಳು, ಆ ದಿನಕ್ಕೂ ಅರ್ಧ ದಿನದ ರಜೆ ಬರೆದುಕೊಟ್ಟಳು.

ಊರಿನಿಂದ ತಂದ ಕನ್ನಡ ಬೈಬಲ್ಲನ್ನು ಅವಳು ಊಟದ ಡಬ್ಬಿಯ ಜೊತೆ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಓದತೊಡಗಿದಳು. ಪೈಯಸ್ ಎಲ್ಲಿ ಪುಸ್ತಕ ಮುಚ್ಚಿದ್ದನೋ ಅಲ್ಲಿಂದ. ಗೋಡೆಯಲ್ಲಿ ಗುರುತು ಕಂಡರೆ ಮನೆಯ ಯಜಮಾನ ತಾನೇ ಯಾಜಕನ ಬಳಿ ಹೋಗಿ ಹೇಳಬೇಕು. ಯಾಜಕ ಬರುವ ಮೊದಲು ಮನೆಯೊಳಗಿನ ಸಾಮಾನನ್ನು ಹೊರಗಿಡಬೇಕು. ಯಾಜಕ ಬಂದು ನೋಡಿ ಏಳು ದಿನ ಮನೆ ಮುಚ್ಚಬೇಕು, ಮತ್ತೆ ಬಂದು ನೋಡಬೇಕು. ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು, ಗಾರೆ ಕೆರೆದು ಊರಾಚೆ ಸುರಿದು, ಹೊಸ ಕಲ್ಲು ಹೊಸ ಗಾರೆ ಹಾಕಬೇಕು. ಆಮೇಲೂ ಬಂದರೆ ಮನೆಯನ್ನೇ ಕೆಡವಬೇಕು. ಅವಳು ಆ ಪುಟವನ್ನು ಎರಡು ಸಲ ಓದಿದಳು. ಮನೆಯ ಹೆಂಗಸು ಏನು ಪಾಪ ಮಾಡಿದಳೆಂದು ವಿಚಾರಿಸಬೇಕು ಎಂದು ಎಲ್ಲೂ ಇರಲಿಲ್ಲ. ಯಾಜಕ ಬರುವ ಮೊದಲು ಗೋಡೆ ಒರೆಸಿಡಬೇಕು ಎಂದೂ ಇರಲಿಲ್ಲ.

ಮಿರಿಯಾಮಳ ಕಥೆಯನ್ನೂ ಹುಡುಕಿ ಓದಿದಳು. ಮೋಶೆಯ ವಿರುದ್ಧ ಮಾತಾಡಿದವರು ಇಬ್ಬರು, ಅಕ್ಕ ಮಿರಿಯಾಮ್ ಮತ್ತು ಅಣ್ಣ ಆರೋನ. ಕುಷ್ಠ ಬಂದದ್ದು ಅಕ್ಕನಿಗೆ ಮಾತ್ರ. ಇದು ಯಾರ ಮನೆಯ ನ್ಯಾಯ ಎಂದುಕೊಂಡಳು. ಈ ಪುಸ್ತಕವೂ ಪೂರ್ತಿ ತನ್ನ ಪಕ್ಷದ್ದಲ್ಲ ಎಂದು ತಿಳಿದು ಒಂದು ಬಗೆಯ ಸಮಾಧಾನವೇ ಆಯಿತು. ಕುಷ್ಠರೋಗಿಯನ್ನು ಮುಟ್ಟಿದ ಸ್ವಾಮಿಯೂ ಅವನಿಗೆ ಸುಮ್ಮನೆ ಮನೆಗೆ ಹೋಗು ಅನ್ನಲಿಲ್ಲ. ಹೋಗಿ ಯಾಜಕನಿಗೆ ಮೈ ತೋರಿಸು ಅಂದ. ಗುಣವಾದವನನ್ನು ಕೂಡ ಯಾರಾದರೂ ಕಣ್ಣಿಟ್ಟು ನೋಡಬೇಕಿತ್ತು.

ಕಾರ್ಖಾನೆಯಲ್ಲಿ ನೀಲಿ ಟೋಪಿಯೊಳಗೆ ಕೂದಲು ತುರುಕಿ, ಉಂಗುರ ಬಿಚ್ಚಿಟ್ಟು, ಮೊಣಕೈವರೆಗೆ ತೊಳೆದು, ಬೆರಳು ಬಿಡಿಸಿ ಸೂಪರ್‌ವೈಸರ್‌ಗೆ ತೋರಿಸಿಯೇ ಅವಳು ದಿನಾ ಒಳಗೆ ಹೋಗುತ್ತಿದ್ದಳು. ಆ ವಾರ ಬ್ರೆಡ್ಡಿನ ಒಂದು ಹೋಳಿನಲ್ಲಿ ಹಸಿರು ಚುಕ್ಕೆ ಕಂಡಿತು. ಬೆಲ್ಟು ನಿಲ್ಲಿಸಿದರು, ಇಡೀ ಟ್ರೇ ಎಸೆದರು, ಬ್ರೆಡ್ಡು ಇಟ್ಟಿದ್ದ ಕೋಣೆಯ ಯಂತ್ರ ನೋಡಲು ಮೆಕ್ಯಾನಿಕ್‌ನನ್ನು ಕರೆಸಿದರು. ಬ್ರೆಡ್ಡು ಜೋಡಿಸಿದವಳು ಗಂಡನ ಮಾತು ಕೇಳುತ್ತಾಳೆಯೇ ಎಂದು ಯಾರೂ ಕೇಳಲಿಲ್ಲ.

ಮೊದಲ ಶುಕ್ರವಾರಕ್ಕೆ ಎರಡು ವಾರ ಇರುವಾಗ ಸೆವ್ರಿನ್ ಮಗಳನ್ನು ಪೂರ್ತಿಯಾಗಿ ಸೋಫಾಕ್ಕೆ ಸಾಗಿಸಿದಳು. ಕೋಣೆಯಲ್ಲಿ ಚಳಿ ಹೆಚ್ಚು ಎಂದಳು. ತಾನು ಸೋಫಾದ ಕೆಳಗೆ ಚಾಪೆ ಹಾಸಿಕೊಂಡಳು. ಸ್ಪ್ರಿಂಗು ಹೋದರೆ ಹೋಗಲಿ. ಮರುದಿನ ಗೋಡೆ ಒರೆಸಲು ಹೊತ್ತಿಲ್ಲ, ಬಸ್ಸು ತಪ್ಪುತ್ತದೆ ಎಂದು ತನಗೇ ಹೇಳಿಕೊಂಡಳು. ಅದರ ಮರುದಿನ ಬ್ಲೀಚು ಮುಗಿದಿದೆ ಎಂದುಕೊಂಡಳು, ಬಾಟಲಿಯಲ್ಲಿ ಅರ್ಧ ಇದ್ದರೂ. ಹೀಗೆ ದಿನಕ್ಕೊಂದು ನೆಪ ಹುಡುಕಿ, ಕೋಣೆಯ ಬಾಗಿಲನ್ನು ಎಳೆದುಕೊಂಡು ಹೊರಡುತ್ತಿದ್ದಳು. ವೆನಿಶಾಳ ಬೆನ್ನಿನಿಂದ ಬರುವ ಸದ್ದು ಸಣ್ಣದಾಗುತ್ತಾ ಬಂತು. ಅದು ಪ್ರಾರ್ಥನೆಯ ಫಲ ಎಂದ ವಲೇರಿಯನ್.

ವಿಚಿತ್ರವೆಂದರೆ ಅವನಿಗೆ ಗೋಡೆ ಕಾಣಲೇ ಇಲ್ಲ. ದಿನವೂ ಪರದೆ ಎಳೆದುಕೊಂಡು ಅದೇ ಕೋಣೆಯಲ್ಲಿ ಮಲಗಿ ಏಳುತ್ತಿದ್ದ. ಕೆಮ್ಮು ಬಂದರೆ ಹಿಟ್ಟಿನ ಧೂಳು ಎನ್ನುತ್ತಿದ್ದ. ಅವನ ತಲೆಯ ಪಕ್ಕದಲ್ಲೇ, ಮಗಳ ಖಾಲಿ ಮಂಚದ ಮೇಲಿಂದ, ಕಪಾಟಿನ ಮರೆಯಿಂದ ಕಪ್ಪು ಹಬ್ಬುತ್ತಿತ್ತು. ಬೆಳ್ಳಗಿದ್ದಾಗ ಯಾರು ಬೆಳ್ಳಗೆ ಮಾಡುತ್ತಾರೆಂದು ನೋಡದವನು ಕಪ್ಪಗಾದಾಗ ನೋಡುತ್ತಾನೆಯೇ?

"ಬಣ್ಣ ಬಳಿದೆಯಾ?" ಎಂದು ಗುರುವಾರ ಪಾಳಿಗೆ ಹೊರಡುವಾಗ ಕೇಳಿದ. ಡಬ್ಬ ಬಾಗಿಲ ಬಳಿಯೇ ಇತ್ತು, ಅದನ್ನು ದಾಟಿಕೊಂಡೇ ಅವನು ಬೂಟು ಹಾಕಿದ.

"ನಾಳೆ ಬೆಳಿಗ್ಗೆ."

"ವಾಸನೆ ಉಳಿಯಬಾರದು. ದೊಡ್ಡವರು ಬರ್ತಾರೆ. ಸಾಕ್ಷಿಗೆ ಎಂತ ಹೇಳ್ಬೇಕು ಅಂತ ಬ್ರದರ್ ಹೇಳಿಕೊಟ್ಟಿದ್ದಾರಲ್ಲ, ಅಷ್ಟೇ ಹೇಳು. ಹೆಚ್ಚು ಬೇಡ."

ಶುಕ್ರವಾರ ಬೆಳಕು ಹರಿಯುವ ಮೊದಲು ಸೆವ್ರಿನ್ ಎದ್ದಳು. ವೆನಿಶಾಳ ಬೆನ್ನಿಗೆ ಕಿವಿಯಿಟ್ಟಳು. ಸಿಳ್ಳೆ ಇರಲಿಲ್ಲ. ಕೆಟಲ್ ಹಾಕಿದಳು. ಸಂಜೆಯ ಸನ್ನಾಗೆ ಹಿಟ್ಟು ಉಬ್ಬಿ ಪಾತ್ರೆಯ ಅಂಚಿಗೆ ಬಂದಿತ್ತು, ಅದನ್ನು ದೊಡ್ಡ ಪಾತ್ರೆಗೆ ಬಗ್ಗಿಸಿದಳು. ಕೈ ತನ್ನಷ್ಟಕ್ಕೇ ಬಕೆಟಿಗೆ ಬಿಸಿನೀರು ಹಿಡಿಯಿತು, ಬ್ಲೀಚ್ ಬೆರೆಸಿತು, ಬಟ್ಟೆ ಅದ್ದಿ ಹಿಂಡಿತು. ಬಕೆಟ್ ಹಿಡಿದು ಕೋಣೆಗೆ ಹೋಗಿ ದೀಪ ಹಾಕಿದಳು.

ಎರಡು ವಾರದಲ್ಲಿ ಗೋಡೆ ಇಷ್ಟಾಗಿರುತ್ತದೆಂದು ಅವಳು ಎಣಿಸಿರಲಿಲ್ಲ. ಮಗಳ ದಿಂಬು ಇರುತ್ತಿದ್ದಲ್ಲಿ ಕಪ್ಪು ದಟ್ಟವಾಗಿತ್ತು. ಮೂಲೆಯ ಹಸಿರಿಗೆ ಕೂದಲಿನಂತಹ ನಯ ಬಂದಿತ್ತು. ಬಣ್ಣದಡಿಯ ಗೋಡೆಕಾಗದ ಉಬ್ಬಿ ಒಂದು ಕಡೆ ಬಿಟ್ಟುಕೊಂಡಿತ್ತು, ಅದರ ಹಿಂದೆ ಗಾರೆ ಹಸಿಯಾಗಿ ಮಿನುಗುತ್ತಿತ್ತು. ಸಂಜೆ ಆ ಬಾಗಿಲಲ್ಲಿ ಬಂದು ನಿಲ್ಲುವವರ ಮುಖಗಳು ಒಂದೊಂದಾಗಿ ಕಣ್ಣೆದುರು ಬಂದವು. ಮಾರ್ಗರೆಟ್ ಸೆರಗು ಮೂಗಿಗೆ ಹಿಡಿಯುತ್ತಾಳೆ. ಇಂಥ ಹೊಲಸಿನಲ್ಲಿ ಮಗುವನ್ನು ಮಲಗಿಸುತ್ತಿದ್ದಳಲ್ಲ ಎಂದು ಚರ್ಚಿನ ಮೆಟ್ಟಿಲ ಮೇಲೆ ಹೇಳುತ್ತಾಳೆ. ಅದು ಶಿರ್ವದವರೆಗೆ ಹೋಗುತ್ತದೆ. ಮಗಳು ಮನೆ ಇಟ್ಟುಕೊಳ್ಳಲು ಕಲಿಯಲಿಲ್ಲ ಎಂದು ಅಮ್ಮನ ಕಿವಿಗೆ ಬೀಳುತ್ತದೆ. ವಲೇರಿಯನ್ ಏನು ಮಾಡುತ್ತಾನೆಂದು ಅವಳಿಗೆ ತಿಳಿಯಲಿಲ್ಲ. ಪೈಯಸ್ ಏನು ಮಾಡುತ್ತಾನೆಂದು ತಿಳಿದಿತ್ತು. ಮನೆ ಬಿಡಿ ಎನ್ನುತ್ತಾನೆ.

ಹೊತ್ತು ಇನ್ನೂ ಇತ್ತು. ತಿಕ್ಕಿದರೆ ಅರ್ಧ ಗಂಟೆಯ ಕೆಲಸ, ಮೇಲೊಂದು ಕೈ ಬಣ್ಣ. ಮೂರಕ್ಕೆ ಬರುವವನು ಬೆಳ್ಳಗಿನ ಗೋಡೆ ನೋಡಿ ಮನೆಯನ್ನು ಹೊಗಳಿ ಹೋಗುತ್ತಾನೆ. ಆರಕ್ಕೆ ಬರುವವರೂ ಹೊಗಳುತ್ತಾರೆ. ನಾಳೆ ಮತ್ತೆ ಬಕೆಟು. ಪೈಪು ಮತ್ತೆ 'ನೋಡುವ'. ವೆನಿಶಾ ಮತ್ತೆ ಆ ದಿಂಬಿಗೆ.

ಬಟ್ಟೆ ಹಿಡಿದ ಕೈ ಗೋಡೆಯ ಹತ್ತಿರ ಹೋಯಿತು. ಕೆಳಗಿನಿಂದ ಮೇಲಕ್ಕೆ, ಮೊದಲ ಎಳೆತ ಎಲ್ಲಿಂದ ಎಂಬುದೂ ಕೈಗೆ ಗೊತ್ತಿತ್ತು. ಅಲ್ಲೇ ನಿಂತಿತು.

ಸೆವ್ರಿನ್ ಬಕೆಟನ್ನು ಎತ್ತಿಕೊಂಡು ಬಂದು ಸಿಂಕಿಗೆ ಸುರಿದಳು. ಬಟ್ಟೆಯನ್ನು ತೊಳೆದು ಹಿಂಡಿ ನಲ್ಲಿಯ ಮೇಲೆ ಹರವಿದಳು. ಬಾಗಿಲ ಬಳಿಯ ಬಣ್ಣದ ಡಬ್ಬವನ್ನು ಎತ್ತಿ, ಮೆಟ್ಟಿಲಿಳಿದು, ಬೀದಿಯ ಕಸದ ತೊಟ್ಟಿಯ ಪಕ್ಕದಲ್ಲಿಟ್ಟು ಬಂದಳು. ಆಮೇಲೆ ಕೋಣೆಗೆ ಮರಳಿ ಬಟ್ಟೆಯ ಕಪಾಟಿಗೆ ಸೊಂಟ ಕೊಟ್ಟು ಗೋಡೆಯಿಂದ ಈಚೆ ತಳ್ಳಿದಳು. ಅದು ಕಿರುಗುಟ್ಟುತ್ತಾ ಸರಿಯಿತು. ಎಂದಿನಂತೆ ಒರೆಸಲು ಬೇಕಾದಷ್ಟೇ ಅಲ್ಲ, ಕಿಟಕಿಯ ತನಕ, ಹಿಂದಿನ ಕಪ್ಪೆಲ್ಲ ಬಾಗಿಲಿಗೇ ಕಾಣುವ ತನಕ. ಮಗಳ ಮಂಚವನ್ನೂ ಎಳೆದಳು.

ದೀಪ ಆರಿಸಲಿಲ್ಲ. ಕೈಯನ್ನು ಮೊಣಕೈವರೆಗೆ ತೊಳೆದು, ಗಂಡನ ಗಂಜಿ ಮುಚ್ಚಿಟ್ಟು, ಕೋಟು ಹಾಕಿಕೊಂಡಳು.